ಗಂಟಿನ ಗುರುತು ಹೇಳುವ ಮೂರು ಸಾಲು

ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿಯಲ್ಲೋ ಸಂಖದಲ್ಲೋ ಹೆಣ್ಣುಮಗಳೊಬ್ಬಳ ಎದೆಯಲ್ಲಿ ಗಂಟು ಕಾಣಿಸಿಕೊಂಡರೆ ಮನೆಯವರ ಮುಂದೆ ಮೂರು ದಾರಿಗಳಿವೆ. ಪಶ್ಚಿಮಕ್ಕೆ ಮಿರಜ, ಸಾಂಗ್ಲಿ. ಪೂರ್ವಕ್ಕೆ ವಿಜಯಪುರ. ಉತ್ತರಕ್ಕೆ ಸೊಲ್ಲಾಪುರ, ಅದನ್ನೂ ದಾಟಿದರೆ ಬಾರ್ಶಿ. ಯಾವ ದಾರಿ ಹಿಡಿದರೂ ಕೈಯಲ್ಲೊಂದು ಫೈಲು. ಮಿರಜ, ಸೊಲ್ಲಾಪುರದ ಕಡೆ ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ಕಾಗದ ಇಂಗ್ಲಿಷಿನಲ್ಲಿರುತ್ತದೆ, ಆಕೆಯ ಪ್ರಶ್ನೆ ಮಾತ್ರ ಕನ್ನಡದ್ದು: ‘ಗಂಟ ತಗದಮ್ಯಾಲ ಆರಾಮ ಆಗತೈತೇನ್ರಿ?’ ಈ ಪ್ರಶ್ನೆಗೆ ಉತ್ತರ ಹುಡುಕಲು ಡಾಕ್ಟರು ಮೊದಲು ನೋಡುವುದು ಆ ಫೈಲಿನ ಒಂದು ಹಾಳೆಯ ಮೂರು ಸಾಲುಗಳನ್ನು: ಈಆರ್, ಪಿಆರ್, ಹರ್-2. ಸ್ಕ್ಯಾನು, ರಕ್ತ ಪರೀಕ್ಷೆ, ಬಿಲ್ಲುಗಳ ನಡುವೆ ಆ ಹಾಳೆಯೇ ಇಲ್ಲದಿದ್ದರೆ ಮುಂದಿನ ಚಿಕಿತ್ಸೆ ಕತ್ತಲಲ್ಲಿ ತಡಕಾಡಿದಂತೆ.

ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಜತ್ತದ ದಾಳಿಂಬೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿಯ ಮೇಲೆ ಕಪ್ಪು ಚುಕ್ಕೆ ಬಿದ್ದಾಗ ಅದು ಶಿಲೀಂಧ್ರವೋ, ಬ್ಯಾಕ್ಟೀರಿಯಾದಿಂದ ಬರುವ ತೇಲ್ಯಾ ರೋಗವೋ ಎಂದು ಮೊದಲು ನೋಡಬೇಕು; ಶಿಲೀಂಧ್ರದ ಔಷಧಿ ಎಷ್ಟು ಹೊಡೆದರೂ ತೇಲ್ಯಾ ಬಗ್ಗುವುದಿಲ್ಲ. ಎದೆಯ ಗಂಟಿನಲ್ಲೂ ಹಾಗೆಯೇ. ಮೇಲಿಂದ ಮುಟ್ಟಿದರೆ ಎಲ್ಲವೂ ಗಟ್ಟಿ ಗಂಟುಗಳೇ, ಜೀವಕೋಶವನ್ನು ಬಣ್ಣ ಹಾಕಿ ನೋಡಿದಾಗಲೇ ಬೇರೆ ಬೇರೆ.

ಕೆಲವು ಗಂಟುಗಳ ಜೀವಕೋಶಗಳು ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಂಡು ಬೆಳೆಯುತ್ತವೆ. ಹಾರ್ಮೋನು ಬಂದು ಕೂರುವ ಪ್ರೋಟೀನೇ ಗ್ರಾಹಕ. ಈಆರ್ ಎಂದರೆ ಈಸ್ಟ್ರೋಜನ್ ಗ್ರಾಹಕ, ಪಿಆರ್ ಎಂದರೆ ಪ್ರೊಜೆಸ್ಟರಾನ್ ಗ್ರಾಹಕ. ನೂರರಲ್ಲಿ ಒಂದೇ ಒಂದು ಕೋಶದ ಕೇಂದ್ರಕ್ಕೆ ಬಣ್ಣ ಹತ್ತಿದರೂ ಈಆರ್ ಪಾಸಿಟಿವ್ ಎಂದೇ ಬರೆಯುತ್ತಾರೆ. ಹರ್-2 ಜೀವಕೋಶದ ಹೊರಪೊರೆಯ ಮೇಲಿರುವ ಪ್ರೋಟೀನು. ಅದರ ಜೀನ್ ಹಲವು ಪ್ರತಿಗಳಾಗಿ ಹೆಚ್ಚಿಕೊಂಡಾಗ ಕೋಶ ಎಡೆಬಿಡದೆ ಒಡೆಯುತ್ತ ಹೋಗುತ್ತದೆ. ಹರ್-2ಗೆ 0, 1+, 2+, 3+ ಎಂಬ ಅಂಕ. 3+ ಬಂದರೆ ಪಾಸಿಟಿವ್. 2+ ಬಂದರೆ ಅನುಮಾನ ಉಳಿಯುತ್ತದೆ, ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನು ಎಣಿಸಲೇಬೇಕು. ಮೂರೂ ಇಲ್ಲದಿದ್ದರೆ ಅದು ಟ್ರಿಪಲ್ ನೆಗೆಟಿವ್. ಇವುಗಳ ಜೊತೆಗೆ ಕೆಐ-67 ಎಂಬ ನಾಲ್ಕನೆಯ ಸಾಲೂ ಇರಬಹುದು. ನೂರು ಕೋಶಗಳಲ್ಲಿ ಎಷ್ಟು ಒಡೆಯುವ ಹಾದಿಯಲ್ಲಿವೆ ಎಂಬುದರ ಲೆಕ್ಕ ಅದು.

ಈ ತಿಳಿವಳಿಕೆ ಬರಲು ನೂರು ವರ್ಷ ಹಿಡಿಯಿತು. 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಸ್ತನ ಕ್ಯಾನ್ಸರ್ ಹರಡಿದ್ದ ಹೆಂಗಸರ ಅಂಡಾಶಯ ತೆಗೆದಾಗ ಗಂಟು ಕುಗ್ಗಿದ ವರದಿ ಕೊಟ್ಟರು. ಏಕೆ ಕೆಲವರಲ್ಲಿ ಮಾತ್ರ ಕುಗ್ಗುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಷಿಕಾಗೋದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ಈಸ್ಟ್ರೋಜನ್ ಗ್ರಾಹಕವನ್ನು ಪತ್ತೆಹಚ್ಚಿದ ಮೇಲೆ ಒಗಟು ಬಿಡಿಸಿಕೊಂಡಿತು. 2000ದಲ್ಲಿ ಚಾರ್ಲ್ಸ್ ಪೆರೂ ಮತ್ತು ಸಂಗಡಿಗರು 42 ಜನರಿಂದ ತೆಗೆದ 65 ಗಂಟಿನ ತುಣುಕುಗಳಲ್ಲಿ ಸಾವಿರಾರು ಜೀನುಗಳ ಚಟುವಟಿಕೆ ಅಳೆದು, ಸ್ತನ ಕ್ಯಾನ್ಸರ್ ಬೇರೆ ಬೇರೆ ಗುಂಪುಗಳಾಗಿ ಒಡೆಯುವುದನ್ನು ತೋರಿಸಿದರು. ಲ್ಯೂಮಿನಲ್ (ಬಹುಪಾಲು ಈಆರ್ ಪಾಸಿಟಿವ್), ಹರ್-2, ಬೇಸಲ್ (ಬಹುಪಾಲು ಟ್ರಿಪಲ್ ನೆಗೆಟಿವ್) ಎಂಬ ಹೆಸರುಗಳು ಚಲಾವಣೆಗೆ ಬಂದದ್ದು ಆ ಹಾದಿಯಲ್ಲೇ. ಲ್ಯೂಮಿನಲ್‌ನಲ್ಲಿ ‘ಎ’ ನಿಧಾನದ್ದು, ‘ಬಿ’ ಅದಕ್ಕಿಂತ ಚುರುಕು.

ಔಷಧಿ ಬದಲಾಗುವುದು ಇಲ್ಲಿಂದಲೇ. ಈಆರ್ ಪಾಸಿಟಿವ್ ಆದವರಿಗೆ ಟಮೋಕ್ಸಿಫೆನ್ ಎಂಬ ಅಗ್ಗದ ಮಾತ್ರೆ ಇದೆ. ಐದು ವರ್ಷ ಬಿಡದೆ ನುಂಗಿದವರಲ್ಲಿ ರೋಗ ಮರಳುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಮುಟ್ಟು ನಿಂತವರಿಗೆ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ. ಆದರೆ ಐದು ವರ್ಷ ಎಂದರೆ ಐದು ಕಬ್ಬಿನ ಹಂಗಾಮು. ಜತ್ತದಿಂದ ಕಬ್ಬು ಕಡಿಯಲು ಹೊರಟ ಕುಟುಂಬದ ಹೆಣ್ಣುಮಗಳು ಆರಾಮ ಅನ್ನಿಸಿತೆಂದು ಮಾತ್ರೆ ಬಿಟ್ಟರೆ ಅದನ್ನು ಅಲಕ್ಷ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಂಗಾಮಿನ ಅಷ್ಟೂ ತಿಂಗಳ ಮಾತ್ರೆಯನ್ನು ಹೊರಡುವ ಮುಂಚೆಯೇ ಕೈಗೆ ಕೊಡುವ ಹೊಣೆ ದವಾಖಾನೆಯವರದ್ದು.

ಹರ್-2 ಪಾಸಿಟಿವ್ ಒಂದು ಕಾಲಕ್ಕೆ ಎಲ್ಲರೂ ಹೆದರುತ್ತಿದ್ದ ಬಗೆ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಆ ಭಯವನ್ನು ತಗ್ಗಿಸಿತು. ಬೆಲೆ ಮಾತ್ರ ಬಡವರ ಕೈಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಯನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು; ಮೈಲಾನ್ ಕಂಪನಿ ಜೊತೆ ಅಭಿವೃದ್ಧಿಪಡಿಸಿದ ಅದಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಬೇರೆ ಕಂಪನಿಗಳೂ ಬಂದ ಮೇಲೆ ಬೆಲೆ ಇನ್ನಷ್ಟು ಇಳಿದಿದೆ. ಟ್ರಿಪಲ್ ನೆಗೆಟಿವ್ ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ ಹತ್ತು ಹದಿನೈದು ಇದ್ದರೆ ಭಾರತದ ಅಧ್ಯಯನಗಳಲ್ಲಿ ಮೂವತ್ತರ ಆಸುಪಾಸು ಕಾಣುತ್ತದೆ. ಈ ಬಗೆಗೆ ಕಿಮೋಥೆರಪಿಯೇ ಮುಖ್ಯ ಆಧಾರ. ಮುಂಬೈನ ಟಾಟಾ ಆಸ್ಪತ್ರೆಯ ಚಿಕಿತ್ಸಾ ಪ್ರಯೋಗವೊಂದರಲ್ಲಿ ಹಳೆಯ, ಅಗ್ಗದ ಕಾರ್ಬೊಪ್ಲಾಟಿನ್ ಐವತ್ತರೊಳಗಿನ ಹೆಂಗಸರಿಗೆ ಲಾಭ ಕೊಟ್ಟಿದೆ.

ಇಷ್ಟೆಲ್ಲ ನಿಂತಿರುವುದು ಒಂದು ಚಿಕ್ಕ ಡಬ್ಬಿಯ ಮೇಲೆ. ದೇಹದಿಂದ ತೆಗೆದ ತುಣುಕು ಒಂದು ಗಂಟೆಯೊಳಗೆ ಶೇ. 10ರ ಫಾರ್ಮಲಿನ್‌ನಲ್ಲಿ ಮುಳುಗಬೇಕು, ಆರು ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆಗೆ ಮೀರದೆ ಅದರಲ್ಲಿರಬೇಕು. ಸಲೈನಿನಲ್ಲಿ ಹಾಕಿಟ್ಟರೆ ಗ್ರಾಹಕದ ಪ್ರೋಟೀನು ಕೆಡುತ್ತದೆ. ಇಡೀ ಗಂಟನ್ನು ಸೀಳದೆ ಡಬ್ಬಿಗೆ ತುರುಕಿದರೆ ಫಾರ್ಮಲಿನ್ ಒಳತಿರುಳಿಗೆ ಮುಟ್ಟುವ ಮೊದಲೇ ಅದು ಕೊಳೆಯತೊಡಗುತ್ತದೆ. ಆಮೇಲೆ ಎಷ್ಟೇ ದೊಡ್ಡ ಲ್ಯಾಬಿಗೆ ಕಳಿಸಿದರೂ ಬಣ್ಣ ಹತ್ತುವುದಿಲ್ಲ, ಇದ್ದ ಈಆರ್ ಇಲ್ಲವೆಂದು ಬರುತ್ತದೆ. ಆ ಸುಳ್ಳು ‘ನೆಗೆಟಿವ್’ನಿಂದ ಆಕೆಗೆ ತಪ್ಪುವುದು ಐದು ವರ್ಷ ಕಾಯಬಲ್ಲ ಆ ಅಗ್ಗದ ಮಾತ್ರೆ. ದೊಡ್ಡ ಯಂತ್ರಗಳ ಮಾತಾಡುವಾಗ ನಾವು ಈ ಡಬ್ಬಿಯನ್ನು ಮರೆಯುತ್ತೇವೆ ಎಂಬುದೇ ನನ್ನ ಸಂಕಟ.

ಇನ್ನೊಂದು ಆತುರವೂ ಇದೆ: ‘ಮೊದಲು ಗಂಟು ತೆಗೆದುಬಿಡಿ, ಆಮೇಲೆ ನೋಡೋಣ.’ ಸಣ್ಣ ಸೂಜಿಯ ಎಫ್‌ಎನ್‌ಎಸಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಸೂಚಿಸಬಹುದು. ಬಗೆಯನ್ನು ನಂಬಿಕೆಯಿಂದ ಹೇಳಲು ದಪ್ಪ ಸೂಜಿಯಿಂದ ಎಳೆ ತೆಗೆಯುವ ಕೋರ್ ಬಯಾಪ್ಸಿ ಬೇಕು. ಹರ್-2 ಪಾಸಿಟಿವ್ ಮತ್ತು ಟ್ರಿಪಲ್ ನೆಗೆಟಿವ್ ಗಂಟು ದೊಡ್ಡದಿದ್ದರೆ ಆಪರೇಷನ್ನಿಗೂ ಮೊದಲೇ ಔಷಧಿ ಕೊಡುವುದುಂಟು. ಬಗೆ ತಿಳಿಯದೆ ಕತ್ತಿ ಹಾಕಿದರೆ ಆ ಅವಕಾಶವೇ ಹೋಗುತ್ತದೆ.

‘ಟ್ಯೂಮರ್ ಮಾರ್ಕರ್’ ಎಂಬ ಹೆಸರಿನಲ್ಲಿ ರಕ್ತದಲ್ಲಿ ಮಾಡುವ ಸಿಎ 15-3 ಪರೀಕ್ಷೆಯೂ ಇದೆ. ಗಂಟಿನಲ್ಲಿ ನೋಡುವ ಮೂರು ಸಾಲುಗಳಿಗೂ ಇದಕ್ಕೂ ಸಂಬಂಧವಿಲ್ಲ. ಆರಂಭದ ಕ್ಯಾನ್ಸರಿನಲ್ಲಿ ಅದು ಬಹುಪಾಲು ಸಹಜವಾಗಿಯೇ ಇರುತ್ತದೆ. ಲಿವರ್ ಕಾಯಿಲೆಯಲ್ಲೂ ಏರಬಹುದು. ಹರಡಿದ ರೋಗ ಔಷಧಿಗೆ ಬಗ್ಗುತ್ತಿದೆಯೇ ಎಂದು ನೋಡಲು ಅದು ಉಪಯೋಗ. ಕೈಗೆ ಗಂಟು ಸಿಗುತ್ತಿರುವಾಗ ‘ರಕ್ತದ ರಿಪೋರ್ಟ್ ನಾರ್ಮಲ್’ ಎಂದು ಊರಿಗೆ ವಾಪಸ್ಸಾಗುವುದು ಅಪಾಯ.

ಬಾರ್ಶಿಯಲ್ಲಿ 1987ರಿಂದ ನಡೆಯುತ್ತಿರುವ ಗ್ರಾಮೀಣ ಕ್ಯಾನ್ಸರ್ ನೋಂದಣಿ ಹಳ್ಳಿಯ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಮುಂಬೈಗಿಂತ ಬಹಳ ಕಡಿಮೆಯೆಂದು ತೋರಿಸುತ್ತ ಬಂದಿದೆ. ಹಳ್ಳಿಯ ಕಷ್ಟ ಸಂಖ್ಯೆಯದ್ದಕ್ಕಿಂತ ತಡವಾಗಿ ಬರುವುದರದ್ದು. ಆದರೆ ಗಂಟನ್ನು ಬೇಗ ಹಿಡಿಯಲು ಯಂತ್ರವೇ ಬೇಕೆಂದಿಲ್ಲ. ಮುಂಬೈನ ಕೊಳೆಗೇರಿಗಳಲ್ಲಿ 1998ರಲ್ಲಿ ಶುರುವಾದ ಟಾಟಾ ಆಸ್ಪತ್ರೆಯ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧದಷ್ಟು ಮಂದಿಯ ಎದೆಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರು. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಇಳಿಯಿತು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಇಂಥ ತಪಾಸಣೆ ಆಗಬೇಕೆಂದು 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಹೇಳುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಕ್ಕ, ಅತ್ತಿಗೆ, ಅತ್ತೆಯರ ಹೆಸರನ್ನೂ ಬರೆಸಿ.

ಗಂಟು ಸಿಕ್ಕವರು ಮೂರು ಸಾಲಿನ ಹಾಳೆಯ ಜೆರಾಕ್ಸನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ತುಣುಕನ್ನು ಮೇಣದಲ್ಲಿ ಹುದುಗಿಸಿದ ‘ಬ್ಲಾಕ್’ ಲ್ಯಾಬಿನಲ್ಲಿರುತ್ತದೆ; ಮಿರಜದಿಂದ ವಿಜಯಪುರಕ್ಕೋ ಮುಂಬೈಗೋ ಆಸ್ಪತ್ರೆ ಬದಲಿಸುವಾಗ ಅದನ್ನು ಕೇಳಿ ಪಡೆಯಬಹುದು. ಈಆರ್ ಪಾಸಿಟಿವ್ ರೋಗ ಹತ್ತು ಹದಿನೈದು ವರ್ಷದ ಮೇಲೂ ಮರಳುವುದುಂಟು. ಮರಳಿದ ಗಂಟಿನ ಬಗೆ ಮೊದಲಿನದೇ ಇರಬೇಕೆಂದಿಲ್ಲ, ಆದ್ದರಿಂದ ಹೊಸ ತುಣುಕು ತೆಗೆದು ಮತ್ತೆ ಬಣ್ಣ ಹಾಕಿ ನೋಡುತ್ತಾರೆ. ಆಗ ಪಕ್ಕದಲ್ಲಿಟ್ಟು ಹೋಲಿಸಲು ಹಳೆಯ ಬ್ಲಾಕ್ ಬೇಕಾಗುತ್ತದೆ.