ಕೊರಿಯಾಕ್ಕೆ ಅಮೆರಿಕದ ಒಪ್ಪಿಗೆ ಏಕೆ?

ಪ್ರಶ್ನೆ: ದಕ್ಷಿಣ ಕೊರಿಯಾ ಪರಮಾಣು ಸ್ಥಾವರಗಳನ್ನೇ ರಫ್ತು ಮಾಡುತ್ತದೆ. ಆದರೂ ಬಳಸಿದ ಇಂಧನದ ಮರುಸಂಸ್ಕರಣೆಗೆ ಅಮೆರಿಕದ ಒಪ್ಪಿಗೆ ಬೇಕಂತೆ. ಮಿತ್ರರಾಷ್ಟ್ರಕ್ಕೂ ಈ ಕಟ್ಟುಪಾಡೇ?

ಉತ್ತರ: ಹೌದು. ಅಮೆರಿಕದಿಂದ ರಿಯಾಕ್ಟರ್, ಇಂಧನ ಪಡೆಯುವ ದೇಶ ಅಲ್ಲಿನ ಪರಮಾಣು ಶಕ್ತಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಒಪ್ಪಂದ ಮಾಡಿಕೊಳ್ಳಬೇಕು. ಭಾರತ ಅಮೆರಿಕದೊಂದಿಗೆ ಮಾಡಿಕೊಂಡ 2008ರ ಪರಮಾಣು ಒಪ್ಪಂದದ ಬೇರೂ ಅದೇ. ಇಂಥ ಒಪ್ಪಂದದಡಿ ಮರುಸಂಸ್ಕರಣೆಗೆ ಅಮೆರಿಕದ ಒಪ್ಪಿಗೆ ಬೇಕು, ಏಕೆಂದರೆ ಅದರಲ್ಲಿ ಬೇರ್ಪಡುವ ಪ್ಲುಟೋನಿಯಂ ಬಾಂಬಿಗೂ ಒದಗುತ್ತದೆ. 1970ರ ದಶಕದಲ್ಲಿ ಕೊರಿಯಾ ಗುಟ್ಟಾಗಿ ಅಂಥ ಯತ್ನಕ್ಕೆ ಕೈಹಾಕಿದ್ದನ್ನು ಅಮೆರಿಕ ಮರೆತಿಲ್ಲ. 2015ರ ಪರಿಷ್ಕೃತ ಒಪ್ಪಂದವೂ ದೇಶದೊಳಗಿನ ಮರುಸಂಸ್ಕರಣೆಗೆ ಮುಂಗಡ ಅನುಮತಿ ಕೊಡಲಿಲ್ಲ. ಜಪಾನಿಗಾದರೋ ಅದು 1988ರ ಒಪ್ಪಂದದಲ್ಲೇ ಸಿಕ್ಕಿತ್ತು. ಕೊರಿಯನ್ನರನ್ನು ಹೆಚ್ಚು ಚುಚ್ಚುವುದು ಈ ತಾರತಮ್ಯವೇ, ಅವರ ಅಸಮಾಧಾನ ನ್ಯಾಯವಾದದ್ದು ಎಂದು ನನಗನ್ನಿಸುತ್ತದೆ. ಯುಎಇಯ ಬರಾಕಾದಲ್ಲಿ 4 ರಿಯಾಕ್ಟರ್ ಕಟ್ಟಿಕೊಟ್ಟ ದೇಶದ ಸ್ವಂತ ಸ್ಥಾವರಗಳ ಕೊಳಗಳಲ್ಲಿ ಬಳಸಿದ ಇಂಧನ ತುಂಬುತ್ತಲೇ ಇದೆ.