ಲೈವ್ ಹಾಡಿಗೆ ಲ್ಯಾಪ್‌ಟಾಪ್ ರಿವರ್ಬ್: ಒರಿಜಿನಲ್ ಕೊಡಬೇಡಿ, ಕಾಪಿ ಕೊಡಿ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ನಾನೇ ಮಾಡಿದ ಒಂದು ತಪ್ಪಿನಿಂದ ಶುರು.

ನಮ್ಮೂರು ಮತ್ತೋಡು, ಹೊಸದುರ್ಗ ತಾಲ್ಲೂಕು. ಓದಿದ್ದು ಬಿ.ಕಾಂ., ಮಾಡ್ತಿರೋದು ಪಾಡ್‌ಕಾಸ್ಟ್. ಹಾಗಾಗಿ ಊರಲ್ಲಿ ಏನೇ ಕಾರ್ಯಕ್ರಮ ಆದ್ರೂ ಮೈಕ್ ಹುಡುಗ ನಾನೇ. ಒಂದು ರಾತ್ರಿ ಬೀದಿಯಲ್ಲಿ ಹಾಕಿದ ಸ್ಟೇಜ್ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೋಬಾನೆ ಪದ ಹಾಡ್ತಿದ್ರು. ಅವರ ದನಿಗೆ ನನ್ನ ಲ್ಯಾಪ್‌ಟಾಪ್‌ನ ರಿವರ್ಬ್ ಪ್ಲಗಿನ್ ಹಾಕಿದ್ದೆ. ಎರಡನೇ ಪದದ ನಡುವೆ ಲ್ಯಾಪ್‌ಟಾಪ್ ಹ್ಯಾಂಗ್ ಆಯ್ತು. ರಿವರ್ಬ್ ಒಂದೇ ಅಲ್ಲ, ಅಜ್ಜಿಯ ದನಿಯೇ ಸ್ಪೀಕರ್‌ನಿಂದ ಮಾಯ! ಅವರು ಒಂದೆರಡು ಸಾಲು ಹಾಗೇ ಹಾಡಿ, ಮೈಕ್ ಕಡೆ ನೋಡಿ, ಸುಮ್ಮನೆ ಇಳಿದು ಹೋದರು. "ಸಾಕು" ಅಂತ ನಾವೇ ಆಫ್ ಮಾಡಿದ್ವಿ ಅಂದ್ಕೊಂಡಿದ್ರಂತೆ.

ಲ್ಯಾಪ್‌ಟಾಪ್ ಅಂದ್ಮೇಲೆ ಹ್ಯಾಂಗ್ ಆಗುತ್ತೆ. ತಪ್ಪು, ನಾನು ಅದನ್ನ ಸೇರಿಸಿದ ಜಾಗದ್ದು.

ರಿವರ್ಬ್ ಯಾಕೆ ಬೇಕು?

ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದ್ರೆ ಮತ್ತೆ ಮತ್ತೆ ಕೇಳುತ್ತೆ. ಹೀಗೆ ಎಣಿಸೋ ಹಾಗೆ ಬಂದರೆ ಅದು ಎಕೋ. ಗೋಡೆ, ಕಂಬ, ಸೂರಿಗೆ ಬಡಿದು ಬಂದ ಸಾವಿರಾರು ಪ್ರತಿಫಲನಗಳು ಒಂದರೊಳಗೊಂದು ಬೆರೆತು, ಬಾಲದ ಹಾಗೆ ಕರಗಿದರೆ ಅದು ರಿವರ್ಬ್. ಗುಡಿಯ ಕಲ್ಲುಮಂಟಪದಲ್ಲಿ ಹಾಡಿದಾಗ ಸಿಗೋದು ಇದೇ.

ಬಯಲಲ್ಲಿ ಆ ಸೂರು ಇಲ್ಲ. ನಮ್ಮ ತಾಲ್ಲೂಕಿನದೇ ಸಾಣೇಹಳ್ಳಿಯ ಬಯಲು ರಂಗಮಂದಿರ ಆಗಲಿ, ನಮ್ಮೂರ ಬೀದಿ ಆಗಲಿ, ಮೇಲಕ್ಕೆ ಹೋದ ದನಿ ವಾಪಸ್ ಬರಲ್ಲ. ಮೈಕ್ ಬಾಯಿಗೆ ಹತ್ತಿರ ಇದ್ರಂತೂ ದನಿ ಪೂರ್ತಿ ಒಣ. ಅದಕ್ಕೆ ಒಂದು ಮಂಟಪವನ್ನ ನಾವೇ ಕಟ್ಟಿಕೊಡಬೇಕು.

ಡಿಜಿಟಲ್ ಮಿಕ್ಸರ್ ಒಳಗೇ ರಿವರ್ಬ್ ಇರುತ್ತೆ. ಬೆರಿಂಗರ್ ಎಕ್ಸ್‌ಆರ್ 18ರಲ್ಲಿ ನಾಲ್ಕು ಎಫೆಕ್ಟ್‌ಗಳಿವೆ. ಬಹಳಷ್ಟು ಕಾರ್ಯಕ್ರಮಕ್ಕೆ ಅಷ್ಟು ಸಾಕು. ಆದ್ರೆ ಪ್ಲಗಿನ್‌ನಲ್ಲಿ ಆಯ್ಕೆ ಹೆಚ್ಚು, ಮನೆಯಲ್ಲೇ ಕೂತು ಸೆಟ್ ಮಾಡಿ ಸೇವ್ ಮಾಡ್ಕೋಬಹುದು. ಡ್ರ್ಯಾಗನ್‌ಫ್ಲೈ ರಿವರ್ಬ್ ಥರದ್ದು ಉಚಿತವಾಗೇ ಸಿಗುತ್ತೆ. ಅದೇ ಎಕ್ಸ್‌ಆರ್ 18ರಿಂದ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ 18 ಚಾನೆಲ್ ಲ್ಯಾಪ್‌ಟಾಪ್‌ಗೆ ಹೋಗುತ್ತೆ, 18 ವಾಪಸ್ ಬರುತ್ತೆ.

ಇನ್ಸರ್ಟ್ ಬೇಡ, ಸೆಂಡ್ ಇರಲಿ

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಇನ್ಸರ್ಟ್ ಅಂದ್ರೆ ಒರಿಜಿನಲ್ ಬಿಲ್ಲನ್ನೇ ಇನ್ನೊಬ್ಬರ ಕೈಗೆ ಕೊಟ್ಟು, ವಾಪಸ್ ಬರಲಿ ಅಂತ ಕಾಯೋದು. ಅವರು ಕಳೆದ್ರೆ ನಮ್ಮ ಕೈ ಖಾಲಿ. ಅವತ್ತು ನಾನು ಮಾಡಿದ್ದು ಇದನ್ನೇ. ಸೆಂಡ್ ಅಂದ್ರೆ ಕಾರ್ಬನ್ ಕಾಪಿ ಕೊಡೋದು. ದನಿ ಮಿಕ್ಸರ್‌ನಲ್ಲೇ ಇದ್ದು ನೇರ ಸ್ಪೀಕರ್‌ಗೆ ಹೋಗುತ್ತೆ. ಅದರ ಕಾಪಿ ಮಾತ್ರ ಒಂದು ಬಸ್ ಮೂಲಕ ಲ್ಯಾಪ್‌ಟಾಪ್‌ಗೆ ಹೋಗಿ, ಬರೀ ರಿವರ್ಬ್ ಆಗಿ ಬೇರೆ ಚಾನೆಲ್‌ಗೆ ವಾಪಸ್ ಬರುತ್ತೆ. ಲ್ಯಾಪ್‌ಟಾಪ್ ಸತ್ತರೂ ದನಿ ಉಳಿಯುತ್ತೆ.

ಮೂರು ವಿಷಯ ನೆನಪಿಡಿ. ಸೆಂಡ್ ಪೋಸ್ಟ್ ಫೇಡರ್ ಇರಲಿ, ದನಿ ಇಳಿಸಿದ್ರೆ ರಿವರ್ಬ್ ಕೂಡ ಇಳಿಯುತ್ತೆ. ಪ್ಲಗಿನ್‌ನಲ್ಲಿ ವೆಟ್ 100%, ಡ್ರೈ ಸೊನ್ನೆ. ವಾಪಸ್ ಬಂದ ಚಾನೆಲ್‌ನಿಂದ ಅದೇ ಬಸ್‌ಗೆ ಮತ್ತೆ ಕಳಿಸಲೇಬೇಡಿ, ಸುತ್ತಿ ಸುತ್ತಿ ಕಿರುಚುತ್ತೆ.

ತಡ ಆಗಲ್ವಾ?

ಆಗುತ್ತೆ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ 256ರ ಬಫರ್ ಅಂದ್ರೆ 5.3 ಮಿಲಿಸೆಕೆಂಡ್. ಹೋಗೋಕೆ ಒಂದು, ಬರೋಕೆ ಒಂದು, ಒಟ್ಟು ಹತ್ತಕ್ಕೂ ಹೆಚ್ಚು. ಇನ್ಸರ್ಟ್‌ನಲ್ಲಾದ್ರೆ ಹಾಡೋರಿಗೆ ಮಾನಿಟರ್‌ನಲ್ಲಿ ತಮ್ಮ ದನಿಯೇ ತಡವಾಗಿ ಕೇಳಿ ಕಿರಿಕಿರಿ ಆಗುತ್ತೆ. ಸೆಂಡ್‌ನಲ್ಲಿ ತಡ ಆಗೋದು ರಿವರ್ಬ್ ಮಾತ್ರ. ನಿಜವಾದ ಮಂಟಪದಲ್ಲೂ ಗೋಡೆಗೆ ಹೋಗಿಬರೋಕೆ ದನಿಗೆ ಸಮಯ ಬೇಕಲ್ಲ? ಅದಕ್ಕೆ ಪ್ರೀ-ಡಿಲೇ ಅಂತಾರೆ. ನಾವು ಬೇಕಂತಲೇ 20-30 ಮಿಲಿಸೆಕೆಂಡ್ ಇಡ್ತೀವಿ. ಲ್ಯಾಪ್‌ಟಾಪ್‌ನ ತಡ ಆ ಖಾತೆಗೇ ಜಮಾ. ಹಾಗಾಗಿ ಬಫರ್ ತೀರಾ ಕಡಿಮೆ ಮಾಡಿ ಚಟಪಟ ಸದ್ದು ಬರಿಸ್ಕೋಬೇಡಿ.

ನನ್ನ ಸೆಟ್ಟಿಂಗ್

ಬಾಲ ಒಂದೂವರೆ ಸೆಕೆಂಡ್ ಆಸುಪಾಸು. ರಿವರ್ಬ್‌ಗೆ ಹೋಗೋ ದನಿಯಲ್ಲಿ 300 ಹರ್ಟ್ಸ್ ಕೆಳಗಿನದು ಕಟ್, ಗುಂಯ್‌ಗುಡೋದು ತಪ್ಪುತ್ತೆ. 6,000ದ ಮೇಲಿನದೂ ಕಟ್, ಸ-ಶ ಚುಚ್ಚಲ್ಲ. ಪದ, ವಚನ ಎಲ್ಲಾ ಮಾತಿನ ಹಾಡು. ಮಾತು ಅರ್ಥ ಆಗದಿದ್ರೆ ರಿವರ್ಬ್ ಜಾಸ್ತಿ ಆಯ್ತು ಅಂತಲೇ. ಹಾಡು ಮುಗಿಸಿ ಮಾತಾಡೋಕೆ ಶುರು ಮಾಡಿದ ತಕ್ಷಣ ರಿವರ್ಬ್ ಮ್ಯೂಟ್.

ವೈ-ಫೈ, ಅಪ್‌ಡೇಟ್, ನೋಟಿಫಿಕೇಶನ್ ಆಫ್ ಮಾಡಿ. ಮಿಕ್ಸರ್‌ನದೇ ರಿವರ್ಬ್ ಒಂದನ್ನ ಮ್ಯೂಟ್‌ನಲ್ಲಿ ರೆಡಿ ಇಟ್ಟಿರಿ. ಮುಖ್ಯವಾಗಿ, ಕಾರ್ಯಕ್ರಮಕ್ಕೆ ಮುಂಚೆ ಯಾರಾದ್ರೂ ಹಾಡ್ತಿರುವಾಗ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ದನಿ ಉಳಿದ್ರೆ ಮಾತ್ರ ನೀವು ರೆಡಿ.

ಅಜ್ಜಿಯ ಮನೆಗೆ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಮತ್ತೆ ಹಾಡೋಕೆ ಒಪ್ಪಿಸಲು ಎರಡು ಸಲ ಹೋಗಬೇಕಾಯ್ತು. ಈ ಸಲ ಎಲ್ಲಾ ಪದ ಮುಗಿಸಿ ಇಳಿದವರು ಕೇಳಿದ್ದು ಒಂದೇ: "ಕೊನೇತನಕ ಕೇಳಿಸ್ತೇನಪ್ಪ?"

ಕೇಳಿಸ್ತಜ್ಜಿ.

ಮುಂದಿನ ವಾರ ಸಿಗೋಣ.