ಕಾರಿನ ಎ.ಸಿ.ಯಲ್ಲಿ ಇಲಿಗೂಡು: ಮೊದಲು ಒದ್ದೆ ಮಾಡಿ, ಆಮೇಲೆ ತೆಗೆಯಿರಿ

ಎರಡು ಮೂರು ವಾರ ನಿಂತಿದ್ದ ಕಾರನ್ನು ಹೊರತೆಗೆದು ಎ.ಸಿ. ಹಾಕುತ್ತೀರಿ. ಮೂತ್ರದ ಘಾಟು ಮೂಗಿಗೆ ಬಡಿಯುತ್ತದೆ. ಫ್ಯಾನಿನಿಂದ ಕರಕರ ಸದ್ದು ಬರುತ್ತದೆ, ಗಾಳಿಯೂ ಮೊದಲಿನಷ್ಟು ಬರುವುದಿಲ್ಲ. ಹೀಗಾದರೆ ಒಳಗೆ ಇಲಿ ಗೂಡು ಕಟ್ಟಿರುವ ಸಾಧ್ಯತೆ ಹೆಚ್ಚು. ಆಗ ಹೆಚ್ಚಿನವರು ಫ್ಯಾನನ್ನು ಜೋರಾಗಿ ಓಡಿಸಿ ಕಸ ಹೊರಬರಲಿ ಎಂದು ಕಾಯುತ್ತಾರೆ, ಇಲ್ಲವೇ ಗ್ಯಾರೇಜಿಗೆ ಒಯ್ದು ಕಂಪ್ರೆಸರ್ ಹವಾ ಹೊಡೆಸುತ್ತಾರೆ. ಆರೋಗ್ಯದ ದೃಷ್ಟಿಯಿಂದ ಮಾಡಬಾರದ ಕೆಲಸಗಳು ಇವೇ.

ನಮ್ಮ ಮುದಗಲ್ ಭಾಗದಲ್ಲಿ ಈ ತೊಂದರೆಗೆ ಕಾರಣಗಳಿವೆ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಲಿಂಗಸುಗೂರು–ಮಸ್ಕಿ ಕಡೆಯ ತೊಗರಿ, ಜೋಳ ಇವೆಲ್ಲ ಕಟಾವಾದ ಮೇಲೆ ಹೊಲದ ಇಲಿಗಳು ಊರಿನತ್ತ ಬರುತ್ತವೆ. ಜೋರು ಮಳೆಗೆ ಬಿಲದಲ್ಲಿ ನೀರು ತುಂಬಿದಾಗಲೂ ಹಾಗೆಯೇ. ಮನೆಯವರು ದೂರದ ಊರಿನಲ್ಲಿ ದುಡಿಯುತ್ತಿದ್ದರೆ ಕಾರು ತಿಂಗಳುಗಟ್ಟಲೆ ಅಂಗಳದಲ್ಲೇ ನಿಂತಿರುತ್ತದೆ. ಇಲಿಗೆ ಅದು ಬೆಚ್ಚಗಿನ, ಕತ್ತಲೆಯ, ಬೆಕ್ಕು ಬಾರದ ಮನೆ.

ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ಜಾಗದಲ್ಲಿ, ಹೊರಗಾಳಿ ಒಳಬರುವ ಜಾಲರಿ ಇರುತ್ತದೆ. ಇಲಿ ಬರುವ ಮುಖ್ಯ ದಾರಿ ಅದೇ. ಅಲ್ಲಿಂದ ಗ್ಲೋವ್ ಬಾಕ್ಸ್ ಹಿಂದಿರುವ ಫಿಲ್ಟರ್ ಮತ್ತು ಬ್ಲೋವರ್ ಫ್ಯಾನ್‌ವರೆಗೆ ಹೋಗಿ ಹತ್ತಿ, ಕಾಗದ, ಸೀಟಿನ ಸ್ಪಂಜು, ಒಣಹುಲ್ಲು ಸೇರಿಸಿ ಗೂಡು ಮಾಡುತ್ತದೆ. ಫ್ಯಾನ್ ತಿರುಗಿದರೆ ಆ ಗೂಡಿನ ಮೇಲಿನಿಂದಲೇ ಬಂದ ಗಾಳಿ ನೇರವಾಗಿ ನಿಮ್ಮ ಮತ್ತು ಮಕ್ಕಳ ಮುಖಕ್ಕೆ ಬರುತ್ತದೆ.

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬ್-ಎ-ಸಿತ್ತಾ ಜರೂರಿಯಾ’ ಎನ್ನುತ್ತದೆ. ಅವುಗಳಲ್ಲಿ ಮೊದಲನೆಯದು ನಮ್ಮನ್ನು ಸುತ್ತುವರಿದ ಗಾಳಿ. ಕಾರಿನಲ್ಲಿ ಕಿಟಕಿ ಮುಚ್ಚಿ ಕುಳಿತವರಿಗೆ ಬೇರೆ ಗಾಳಿಯೇ ಇಲ್ಲ. ಇಲಿಯ ಮೂತ್ರದಲ್ಲಿರುವ ಪ್ರೋಟೀನು ಅಲರ್ಜಿ ತರುತ್ತದೆ, ಉಬ್ಬಸ ಇದ್ದವರಿಗೆ ಅದನ್ನು ಕೆರಳಿಸುತ್ತದೆ. ಕಾರಿನಲ್ಲಿ ಕುಳಿತಾಗ ಮಾತ್ರ ಸೀನು, ಕೆಮ್ಮು ಬರುತ್ತಿದ್ದರೆ ಔಷಧಿಗಿಂತ ಮೊದಲು ಫಿಲ್ಟರ್ ತೆಗೆದು ನೋಡಿ.

ಇದಕ್ಕಿಂತ ದೊಡ್ಡ ಅಪಾಯಗಳೂ ಇವೆ. ಇಲಿಜ್ವರ ಅಂದರೆ ಲೆಪ್ಟೋಸ್ಪೈರೋಸಿಸ್ ರೋಗಾಣು ಇಲಿಯ ಮೂತ್ರದಲ್ಲಿದ್ದು, ಒದ್ದೆಯಾದ ಜಾಗದಲ್ಲಿ ಬದುಕಿ, ಗಾಯದಿಂದ ಅಥವಾ ಕಣ್ಣು, ಬಾಯಿ, ಮೂಗಿನಿಂದ ದೇಹ ಸೇರುತ್ತದೆ. 2018ರ ಪ್ರವಾಹದ ಬಳಿಕ ಕೇರಳದಲ್ಲಿ ಹರಡಿದ್ದು ಇದೇ ಜ್ವರ. ಹಂಟಾವೈರಸ್ ಹರಡುವುದು ಹೆಚ್ಚಾಗಿ ಒಣ ದೂಳಿನಿಂದ. 2012ರಲ್ಲಿ ಅಮೆರಿಕದ ಯೊಸೆಮಿಟಿ ಉದ್ಯಾನದಲ್ಲಿ, ಗೋಡೆಗಳ ಒಳಪದರದಲ್ಲಿ ಇಲಿ ಗೂಡು ಮಾಡಿದ್ದ ಡೇರೆಮನೆಗಳಲ್ಲಿ ತಂಗಿದ್ದವರೂ ಸೇರಿ 10 ಜನರಿಗೆ ಅದು ತಗುಲಿ 3 ಮಂದಿ ತೀರಿಕೊಂಡರು. ಅಲ್ಲಿನ ಇಲಿಯ ಜಾತಿ ನಮ್ಮಲ್ಲಿಲ್ಲ. ಆದರೆ ಈ ಗುಂಪಿನ ಒಂದು ವೈರಸ್ 1964ರಲ್ಲೇ ತಮಿಳುನಾಡಿನ ವೆಲ್ಲೂರು ಬಳಿ, ನಾವು ಛಛೂಂದರ್ ಎನ್ನುವ ಮೂತಿ ಉದ್ದದ ಸೊಂಡಿಲಿಯಲ್ಲಿ ಸಿಕ್ಕಿದೆ. ಹೆದರಬೇಕಾಗಿಲ್ಲ, ದೂಳು ಎಬ್ಬಿಸದಿದ್ದರೆ ಸಾಕು.

ಗೂಡು ತೆಗೆಯುವ ಕ್ರಮ ಹೀಗಿರಲಿ.

1. ಕಾರನ್ನು ಬಯಲಿನಲ್ಲಿ ನಿಲ್ಲಿಸಿ. ಎಂಜಿನ್, ಫ್ಯಾನ್ ಬಂದ್ ಮಾಡಿ. ಬಾಗಿಲು, ಬಾನೆಟ್ ತೆರೆದು ಅರ್ಧ ಗಂಟೆ ದೂರವಿರಿ. ಮಕ್ಕಳು, ಗರ್ಭಿಣಿಯರು, ಉಬ್ಬಸದವರು ಹತ್ತಿರ ಬರಬಾರದು.

2. ಬ್ಯಾಟರಿಯ ಮೈನಸ್ ತಂತಿ ಕಳಚಿ. ಗ್ಲೋವ್ ಬಾಕ್ಸ್ ಬಳಿ ಕಾಣುವ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಮುಟ್ಟಬೇಡಿ.

3. ರಬ್ಬರ್ ಕೈಗವಸು, ಎನ್-95 ಮಾಸ್ಕ್ ಧರಿಸಿ. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಸಾಲದು.

4. ಒಂದು ಲೋಟ ದ್ರವರೂಪದ ಬ್ಲೀಚಿಗೆ ಒಂಬತ್ತು ಲೋಟ ನೀರು ಬೆರೆಸಿ, ಸಣ್ಣ ಸ್ಪ್ರೇ ಬಾಟಲಿಯಿಂದ ಗೂಡು, ಹಿಕ್ಕೆಗಳನ್ನು ಮೆಲ್ಲಗೆ ಒದ್ದೆ ಮಾಡಿ. 5 ನಿಮಿಷ ಬಿಡಿ. ಮೋಟಾರು, ತಂತಿಗಳ ಮೇಲೆ ಬ್ಲೀಚ್ ಬೀಳಬಾರದು, ಅದು ಲೋಹವನ್ನು ತಿನ್ನುತ್ತದೆ. ಅಲ್ಲಿ ಸೋಂಕುನಾಶಕ ದ್ರವದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್, ಆಸಿಡ್ ಬೆರೆಸಲೇಬೇಡಿ. ವಿಷದ ಕ್ಲೋರಿನ್ ಅನಿಲ ಏಳುತ್ತದೆ.

5. ಒದ್ದೆಯಾದ ಗೂಡು ಮತ್ತು ಹಳೆಯ ಫಿಲ್ಟರನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ ಆಳವಾಗಿ ಹೂಳಿ. ಸತ್ತ ಇಲಿ ಇದ್ದರೆ ಅದನ್ನೂ ಒದ್ದೆ ಮಾಡಿಯೇ ತೆಗೆಯಿರಿ, ಅದರ ಮೈಮೇಲಿನ ಚಿಗಟಗಳೂ ರೋಗ ಹರಡುತ್ತವೆ. ಪೊರಕೆ, ವ್ಯಾಕ್ಯೂಮ್ ಬೇಡ.

6. ಬ್ಲೀಚ್ ತಾಗಿದ ಭಾಗಗಳನ್ನು ಶುದ್ಧ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಕೈಗವಸು ಹಾಕಿದಂತೆಯೇ ಕೈ ತೊಳೆದು, ಅದನ್ನು ತೆಗೆದ ಮೇಲೆ ಮತ್ತೆ ಸೋಪಿನಿಂದ ತೊಳೆಯಿರಿ. ಹೊಸ ಫಿಲ್ಟರ್ ಹಾಕಿ, ಕಿಟಕಿ ತೆರೆದಿಟ್ಟು, ನೀವು ಹೊರಗೆ ನಿಂತು ಹತ್ತು ನಿಮಿಷ ಫ್ಯಾನ್ ಓಡಿಸಿ. ಇಲಿ ಕಡಿದ ತಂತಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು, ಮೆಕ್ಯಾನಿಕ್‌ಗೆ ತೋರಿಸದೆ ದೂರ ಪ್ರಯಾಣ ಬೇಡ.

ಬ್ಲೋವರ್ ಬಿಚ್ಚುವುದು ಎಲ್ಲರಿಗೂ ಆಗುವ ಕೆಲಸವಲ್ಲ, ಗ್ಯಾರೇಜೇ ಗತಿ. ಅಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಮುಖವಿಟ್ಟು ಮಲಗುವವನು ಹೆಚ್ಚಾಗಿ ಕೆಲಸ ಕಲಿಯುತ್ತಿರುವ ಹುಡುಗ. ನಮ್ಮ ಮನೆಗಳ ಹುಡುಗರೂ ಇದೇ ಕೆಲಸದಲ್ಲಿದ್ದಾರೆ. “ಎ.ಸಿ. ಸರಿ ಇಲ್ಲ” ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬೇಡಿ. ಒಳಗೆ ಇಲಿಗೂಡು ಇರಬಹುದು, ಹವಾ ಹೊಡೆಯಬೇಡಿ, ಒದ್ದೆ ಮಾಡಿ ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ. ಒಂದು ಮಾಸ್ಕ್, ಒಂದು ಜೊತೆ ಕೈಗವಸು ನೀವೇ ಒಯ್ದು ಕೊಡಿ. ರಿಪೇರಿಯ ಬಿಲ್ಲಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಕಾರಿನೊಳಗೆ ಇಲಿಪಾಷಾಣ ಇಡುವುದು ದೊಡ್ಡ ತಪ್ಪು. ವಿಷ ತಿಂದ ಇಲಿ ಗಾಳಿಯ ಕೊಳವೆಯೊಳಗೇ ಸತ್ತು ಕೊಳೆಯುತ್ತದೆ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಗಾಳಿಯ ತೇವಕ್ಕೇ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಮನುಷ್ಯರನ್ನೇ ಕೊಲ್ಲಬಲ್ಲದು, ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ನುಸಿಗುಳಿಗೆಯೂ ಬೇಡ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ. ಲೋಬಾನದ ಹೊಗೆಯ ಬಗ್ಗೆಯೂ ಕೇಳುವವರಿದ್ದಾರೆ. ಅದು ವಾಸನೆ ಮರೆಸಬಹುದು, ಗೂಡಿನ ರೋಗಾಣುವನ್ನು ಕೊಲ್ಲುತ್ತದೆ ಎಂದು ನಂಬಿ ಕೂರಬೇಡಿ.

ಮತ್ತೆ ಗೂಡಾಗದಂತೆ, ಗಾಳಿ ಒಳಬರುವ ಜಾಲರಿಯ ಕೆಳಗೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಕೂಡಿಸಿ. ಕಾರು ನಿಲ್ಲಿಸುವಾಗ ಒಳಗಾಳಿ ತಿರುಗುವ ಬಟನ್ ಒತ್ತಿ ಬಂದ್ ಮಾಡಿದರೆ ಹೆಚ್ಚಿನ ಕಾರುಗಳಲ್ಲಿ ಹೊರಗಾಳಿಯ ಮುಚ್ಚಳ ಹಾಕಿಕೊಳ್ಳುತ್ತದೆ. ಬಿಸ್ಕತ್ತಿನ ಚೂರು, ಮಂಡಕ್ಕಿ, ಡಿಕ್ಕಿಯಲ್ಲಿ ಕಾಳಿನ ಚೀಲ ಬಿಡಬೇಡಿ. ನಿಂತ ಕಾರನ್ನು ವಾರಕ್ಕೊಮ್ಮೆಯಾದರೂ ತೆರೆದು ನೋಡಿ, ಓಡಿಸಿ.

ಗೂಡು ತೆಗೆದ ಆರೆಂಟು ವಾರಗಳೊಳಗೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಉಸಿರು ಕಟ್ಟುವುದು ಕಂಡರೆ ಜೋಶಾಂದಾ ಕುಡಿದು ದಿನ ದೂಡಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಇಲಿಜ್ವರಕ್ಕೆ ಬೇಕಾದದ್ದು ರಕ್ತಪರೀಕ್ಷೆ ಮತ್ತು ಆಂಟಿಬಯಾಟಿಕ್. ತಡವಾದರೆ ಮೂತ್ರಪಿಂಡ, ಯಕೃತ್ತು ಕೆಡುತ್ತವೆ. ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಿ, “ಕಾರಿನ ಇಲಿಗೂಡು ತೆಗೆದಿದ್ದೆ” ಎಂದು ವೈದ್ಯರಿಗೆ ಮೊದಲೇ ತಿಳಿಸಿ. ನೀವು ಹೇಳದಿದ್ದರೆ ಅವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಜ್ವರ. ಗ್ಯಾರೇಜಿನ ಹುಡುಗನಿಗೂ ಇದನ್ನು ಹೇಳಿಯೇ ಕಾರು ತನ್ನಿ.